ಅದು ಯಾರ ಕಂಪ್ಯೂಟರ್?

ಸಹೋದರಿಯರೇ, ನಿಮ್ಮ ಮನೆಯಲ್ಲಿ ಬೆಳೆದ ಮಕ್ಕಳಿದ್ದರೆ ಈ ಮಾತು ನಿಮಗೂ ಪರಿಚಿತವೇ ಇರಬೇಕು: "ಅಮ್ಮೀ, ಇದು ಹಳೇದಾಯ್ತು, ಹೊಸದು ಬೇಕು." ಒಂದು ಮನೆಯಲ್ಲಿ ಅದು ಮೊಬೈಲ್, ಇನ್ನೊಂದು ಮನೆಯಲ್ಲಿ ಬೈಕ್. ನಮ್ಮ ಮನೆಯಲ್ಲಿ 2025ರ ಬೇಸಿಗೆಯಲ್ಲಿ ಅದು ಪ್ರೊಸೆಸರ್.

ಆ ಹೆಸರು ಕೇಳಿ ನೀವು ಪುಟ ತಿರುವಬೇಡಿ. ನನಗೂ ಅಲ್ಲಿಯವರೆಗೆ ಅದರ ಗಂಧಗಾಳಿ ಇರಲಿಲ್ಲ. ಹೊಲಿಗೆ ಮೆಷಿನ್ನಿನ ಬಾಬಿನ್ ಕೇಸ್ ಬಿಚ್ಚಿ ಸ್ವಚ್ಛ ಮಾಡುವುದರಲ್ಲಿ ನನ್ನ ಯಂತ್ರಜ್ಞಾನ ಮುಗಿಯುತ್ತದೆ. ಆದರೆ ಆ ಪುಟ್ಟ ಚೌಕದ ವಿಷಯ ಇತ್ಯರ್ಥ ಮಾಡಲು ಹೋಗಿ, ನಾನು ತಾಯಿಯಾಗಿ ಏಳು ವರ್ಷ ಮಾಡುತ್ತಾ ಬಂದ ಒಂದು ತಪ್ಪು ನನ್ನ ಮುಂದೆ ಬಂದು ನಿಂತಿತು. ಅದಕ್ಕಾಗಿಯೇ ಇದನ್ನು ನಿಮಗೆ ಹೇಳುತ್ತಿದ್ದೇನೆ.

ನಮ್ಮ ಮನೆ ಕಲಬುರಗಿಯಲ್ಲಿ, ಕೋಟೆಗೆ ಹತ್ತಿರ. ಯಜಮಾನರು ತೊಗರಿ ಬೇಳೆಯ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ. ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತೇನೆ. 2018ರಲ್ಲಿ ನನ್ನ ಎರಡು ಸುತ್ತಿನ ಭಿಶಿ ಹಣಕ್ಕೆ ಅವರ ಬೋನಸ್ ಸೇರಿಸಿ 48 ಸಾವಿರ ರೂಪಾಯಿಗೆ ಕಂಪ್ಯೂಟರ್ ತಂದೆವು. ಮಗ ಆಗ ಎಂಟನೇ ತರಗತಿ. "ಓದಿಗೆ ಬೇಕು" ಎಂದಿದ್ದ. ಓದಿದನೋ, ಆಡಿದನೋ, ಎರಡೂ ನಡೆಯಿತು. ಈಗ ಬಿಸಿಎ ಕೊನೆಯ ವರ್ಷದಲ್ಲಿದ್ದಾನೆ. ಅವನಿಗಿಂತ ಒಂದೂವರೆ ವರ್ಷ ಚಿಕ್ಕವಳಾದ ಮಗಳು ಬಿಕಾಂ ಓದುತ್ತಿದ್ದಾಳೆ.

ಏಪ್ರಿಲ್ ತಿಂಗಳ ಒಂದು ಸಂಜೆ ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತ. "ಅಮ್ಮೀ, ಆಟದ ನಡುವೆ ಚಿತ್ರ ನಿಂತು ನಿಂತು ಹೋಗ್ತಿದೆ. ಪ್ರೊಸೆಸರ್ ಬದಲಿಸಬೇಕು. ಹತ್ತು ಹನ್ನೊಂದು ಸಾವಿರ ಆಗ್ತದೆ." ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಲೆಕ್ಕ ಮಾಡುವ ಮಿದುಳು. ಆಟದಲ್ಲಿ ಯಾರು ಎಲ್ಲಿ ಓಡುತ್ತಿದ್ದಾರೆ, ಯಾರ ಗುಂಡು ಎಲ್ಲಿ ತಗಲಿತು ಎಂಬ ಲೆಕ್ಕವೆಲ್ಲ ಅದರದು. ಆ ಲೆಕ್ಕವನ್ನು ಚಿತ್ರವಾಗಿ ಪರದೆಯ ಮೇಲೆ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್ ಎಂಬ ಬೇರೆ ಹಲಗೆಯ ಕೆಲಸ. ನಮ್ಮಲ್ಲಿದ್ದದ್ದು ರೈಜನ್ 5 1600, 2017ರಲ್ಲಿ ಮಾರುಕಟ್ಟೆಗೆ ಬಂದ ಪ್ರೊಸೆಸರ್. ಮಗ ಕೇಳಿದ್ದು ರೈಜನ್ 5 5600, ಅದು 2022ರದು.

ಯಜಮಾನರಿಗೆ ಹೇಳಿದಾಗ ಅವರ ಮುಖ ಗಂಟಿಕ್ಕಿತು. "ಆಟಕ್ಕೆ ಹನ್ನೊಂದು ಸಾವಿರವೇ? ದುಂದುವೆಚ್ಚವನ್ನು ಅಲ್ಲಾಹನು ಮೆಚ್ಚುವುದಿಲ್ಲ ಅಂತ ಮಕ್ಕಳಿಗೆ ಕಲಿಸಿದ್ದು ನಾವೇ ಅಲ್ಲವೇ?" ಅವರ ಮನಸ್ಸಿನಲ್ಲಿ ಇನ್ನೊಂದು ಭಯವೂ ಇತ್ತು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳಿಗೆ ಸಿಕ್ಕಿ ಸಾಲ ಮಾಡಿಕೊಂಡ ಹುಡುಗರ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ನಾನು ಮಗನ ಪಕ್ಕ ಕುಳಿತು ಆಟವನ್ನು ನೋಡಿದೆ. ವ್ಯಾಲೊರಂಟ್ ಎಂಬ ಆಟ. ಐದೈದು ಜನರ ಎರಡು ತಂಡ. ಬಾಜಿ ಇಲ್ಲ, ಆಡಲು ದುಡ್ಡೂ ಇಲ್ಲ. ಆದರೆ ಅದರೊಳಗೆ ಬಂದೂಕಿಗೆ ಬಣ್ಣ ಬಣ್ಣದ ಹೊದಿಕೆ ಕೊಳ್ಳುವ ಅಂಗಡಿಯೊಂದಿದೆ. ಅಲ್ಲಿ ನಿಜವಾದ ಹಣವೇ ಖರ್ಚಾಗುತ್ತದೆ. "ಎಷ್ಟು ಕೊಟ್ಟಿದ್ದೀಯಾ?" ಎಂದೆ. ಎರಡು ಸಲ, ಹಬ್ಬದ ಈದಿ ಹಣದಿಂದ ಎಂದು ಒಪ್ಪಿಕೊಂಡ. ಇನ್ನು ಮುಂದೆ ಕೇಳದೆ ಕೊಳ್ಳುವುದಿಲ್ಲ ಎಂಬ ಮಾತು ಅಂದೇ ಆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಅಂಗೀಕರಿಸಿತು. ಇ-ಕ್ರೀಡೆಯನ್ನು ಅದು ಬೇರೆಯಾಗಿಟ್ಟು ಮಾನ್ಯ ಮಾಡಿತು. ಜೂಜು ಯಾವುದು, ಆಟ ಯಾವುದು ಎಂಬ ಗೆರೆ ನಮ್ಮ ಮನೆಯಲ್ಲಿ ಅದಕ್ಕೂ ಮೊದಲೇ ಎಳೆದಾಗಿತ್ತು. ನೀವೂ ಒಮ್ಮೆ ಮಕ್ಕಳ ಪಕ್ಕ ಕುಳಿತು ನೋಡಿ. ಬೈಯುವ ಮೊದಲು ನೋಡುವುದು ಒಳ್ಳೆಯದು.

ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ, "ಏಳು ವರ್ಷದ ಮಾಲು, ಇದಕ್ಕೆ ದುಡ್ಡು ಹಾಕಬೇಡಿ, ಬೋರ್ಡು, ರ‍್ಯಾಮು ಎಲ್ಲಾ ಹೊಸದು ತಗೊಳ್ಳಿ" ಎಂದರು. ಲೆಕ್ಕ 40 ಸಾವಿರ ದಾಟಿತು. ಮನೆಗೆ ಬಂದು ಹೇಳಿದಾಗ ಮಗಳು ನಕ್ಕಳು. "ಅಮ್ಮೀ, ಬಹಮನಿ ಸುಲ್ತಾನರ ಕಥೆ ಆಯ್ತಲ್ಲ. ಮೊದಲನೆಯ ಸುಲ್ತಾನ ಇದ್ದ ಕೋಟೆಯನ್ನೇ ಗಟ್ಟಿ ಮಾಡಿಕೊಂಡ. ಅಹ್ಮದ್ ಶಾಹ್ ರಾಜಧಾನಿಯನ್ನೇ ಬೀದರ್‌ಗೆ ಒಯ್ದ. ಭಾಯಿ ಗೋಡೆ ಗಟ್ಟಿ ಮಾಡೋಣ ಅಂತಾನೆ, ಅಂಗಡಿಯವರು ಬೀದರ್‌ಗೆ ನಡೀರಿ ಅಂತಾರೆ." ನಾವೆಲ್ಲ ನಕ್ಕೆವು. ಆ ನಗುವಿನಲ್ಲಿ ನಾನು ಅವಳ ಮುಖವನ್ನು ಸರಿಯಾಗಿ ನೋಡಲಿಲ್ಲ.

ಮರುವಾರ ಕಮಲಾಪುರದ ತವರಿಗೆ ಹೋಗಿದ್ದೆ. ಅಬ್ಬಾ ಅಲ್ಲಿ ಕೆಂಪು ಬಾಳೆ ಬೆಳೆದವರು. ಕಮಲಾಪುರದ ಕೆಂಪು ಬಾಳೆ ನಿಮಗೆ ಗೊತ್ತಲ್ಲ, ಬೇರೆ ಬಾಳೆಗಿಂತ ತಡವಾಗಿ ಕೈಗೆ ಬರುವ, ಖರ್ಚೂ ಹೆಚ್ಚು ಬೇಡುವ, ಭೌಗೋಳಿಕ ಗುರುತು ಪಡೆದ ಬೆಳೆ. ಅಂಥ ಬೆಳೆ ಬೆಳೆದವರಿಗೆ ಅವಸರವಿರುವುದಿಲ್ಲ. ನನ್ನ ಮಾತನ್ನೆಲ್ಲ ಕೇಳಿ ಅಬ್ಬಾ ಒಂದೇ ಪ್ರಶ್ನೆ ಕೇಳಿದರು: "ಬೇಟೀ, ಐದು ಹೆಚ್‌ಪಿ ಮೋಟಾರ್ ತೆಗೆದು ಏಳೂವರೆದು ಹಾಕಿದಿ ಅಂತ ತಿಳ್ಕೋ. ಪೈಪು ಅದೇ ಸಣ್ಣದಿದ್ರ, ಬಾವ್ಯಾಗ ನೀರು ಅಷ್ಟೇ ಇದ್ರ, ತ್ವಾಟಕ್ಕ ಹೆಚ್ಚು ನೀರು ಬರ್ತದೇನು? ಮೊದಲು ಎಲ್ಲಿ ಕಟ್ಟಿಕೊಂಡದ ನೋಡ್ರಿ. ಆಮ್ಯಾಲ ರೊಕ್ಕ ಬಿಚ್ಚರಿ."

ಕಂಪ್ಯೂಟರ್ ಮುಟ್ಟದ ಅಬ್ಬಾ ಹೇಳಿದ್ದನ್ನೇ ಆ ವಿದ್ಯೆ ಬಲ್ಲವರೂ ಹೇಳುತ್ತಾರಂತೆ. ಮಗನಿಗೆ ಹೇಳಿದಾಗ ಅವನು ಸ್ವಲ್ಪ ನಾಚಿದ. ಎಲ್ಲಿ ಕಟ್ಟಿಕೊಂಡಿದೆ ಎಂದು ಅವನು ನೋಡಿಯೇ ಇರಲಿಲ್ಲ.

ಮೊದಲು ಡಬ್ಬಿ ಬಿಚ್ಚಿದೆವು. ಯಾ ಅಲ್ಲಾಹ್! ಏಳು ವರ್ಷದ ಕಲಬುರಗಿಯ ಧೂಳು ಫ್ಯಾನಿನ ಕೆಳಗೆ ಕಂಬಳಿಯಂತೆ ಹಾಸಿಕೊಂಡಿತ್ತು. ಪ್ರೊಸೆಸರ್ ಮತ್ತು ಅದರ ತಲೆಯ ಮೇಲಿನ ಲೋಹದ ನಡುವೆ ಒಂದು ಬಗೆಯ ಲೇಪ ಹಚ್ಚಿರುತ್ತಾರೆ. ಬಿಸಿಯನ್ನು ಮೇಲಕ್ಕೆ ದಾಟಿಸುವುದು ಅದರ ಕೆಲಸ. ಅದು ಒಣಗಿ ಸುಣ್ಣದ ಹಾಗಾಗಿತ್ತು. ಬಿಸಿ ಏರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಹೊರಗೆ 42 ಡಿಗ್ರಿ ಬಿಸಿಲಿರುವಾಗ ಒಳಗೆ ಅದು 92 ಡಿಗ್ರಿ ತೋರಿಸುತ್ತಿತ್ತು. ಬ್ರಷ್‌ನಿಂದ ಧೂಳು ತೆಗೆದು, ಹೊಸ ಲೇಪ ಹಚ್ಚಿದ ಮೇಲೆ 71ಕ್ಕೆ ಇಳಿಯಿತು. ಖರ್ಚು 280 ರೂಪಾಯಿ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಬಗೆಯ ಪ್ರೊಸೆಸರಿನ ಕೆಳಗೆ ಕೂದಲೆಳೆಯಂಥ ಸಾವಿರಕ್ಕೂ ಹೆಚ್ಚು ಮುಳ್ಳುಗಳಿರುತ್ತವೆ. ಲೇಪ ಒಣಗಿ ಅಂಟಿಕೊಂಡಿದ್ದರೆ ಮೇಲಿನ ಲೋಹವನ್ನು ಜಗ್ಗಿದಾಗ ಪ್ರೊಸೆಸರ್ ಕೂಡ ಕಿತ್ತು ಬರುತ್ತದೆ, ಮುಳ್ಳು ಬಾಗುತ್ತವೆ. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಲೇಪವನ್ನು ಬೆಚ್ಚಗೆ ಮಾಡಿ, ಆಮೇಲೆ ಕರೆಂಟು ತೆಗೆದು, ಲೋಹವನ್ನು ಮೆಲ್ಲಗೆ ಆಚೀಚೆ ತಿರುಗಿಸಿ ಸಡಿಲಿಸಬೇಕು. ಗಡಿಗೆಗೆ ಅಂಟಿದ ಮುಚ್ಚಳ ತೆಗೆಯುವ ಹಾಗೆ.

ಎರಡನೆಯದು ರ‍್ಯಾಮ್. ಕಡಿಮೆ ಬೆಲೆಗೆ ಮುಗಿಸಲು 2018ರಲ್ಲಿ 8 ಜಿಬಿಯ ಒಂದೇ ಪಟ್ಟಿ ಹಾಕಿಸಿದ್ದೆವು. ಎರಡು ಪಟ್ಟಿ ಇದ್ದರೆ ಪ್ರೊಸೆಸರಿಗೆ ಎರಡು ದಾರಿಗಳಲ್ಲಿ ಮಾಹಿತಿ ಬರುತ್ತದೆ. ಒಂದೇ ಇದ್ದರೆ ಒಂದೇ ದಾರಿ. ಅಬ್ಬಾ ಹೇಳಿದ ಸಣ್ಣ ಪೈಪು ಇದೇ. ಮೂರನೆಯದು ಹಳೆಯ ಹಾರ್ಡ್ ಡಿಸ್ಕ್. ಕಂಪ್ಯೂಟರ್ ಶುರುವಾಗಲು ನಾಲ್ಕು ನಿಮಿಷ ಬೇಕಾಗುತ್ತಿದ್ದುದು ಅದರಿಂದ. ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಯಾರು ಕುಳಿತರೂ ಲಾಭ.

ಇಷ್ಟಾದ ಮೇಲೂ ಪ್ರೊಸೆಸರ್ ಬೇಕೇ ಎಂದು ತಿಳಿಯಲು ಮಗ ಒಂದು ಪರೀಕ್ಷೆ ತೋರಿಸಿದ. ಆಟದ ಚಿತ್ರದ ಗುಣಮಟ್ಟವನ್ನು ಪೂರಾ ಕೆಳಗಿಳಿಸಬೇಕು. ಆಗ ಗ್ರಾಫಿಕ್ಸ್ ಕಾರ್ಡಿನ ಹೊರೆ ಕಡಿಮೆಯಾಗುತ್ತದೆ. ಆಟದ ವೇಗ ಏರಿದರೆ ತೊಡಕು ಕಾರ್ಡಿನದು. ವೇಗ ಇದ್ದಲ್ಲೇ ಇದ್ದರೆ ತೊಡಕು ಪ್ರೊಸೆಸರಿನದು. ನಮ್ಮಲ್ಲಿ ವೇಗ ಅಲುಗಲಿಲ್ಲ. ಮಗ ಗೆದ್ದವನಂತೆ ನನ್ನ ಕಡೆ ನೋಡಿದ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅರ್ಧ ಧೂಳು, ಅರ್ಧ ನಿಜ.

ಆ ರಾತ್ರಿ ನಾನು ಭಿಶಿ ಪುಸ್ತಕ ತೆಗೆದು ಕುಳಿತೆ. ನನ್ನ ಸರದಿಯ 18 ಸಾವಿರ ಬರುವುದಿತ್ತು. ಹಾಳೆಯ ತಲೆಯಲ್ಲಿ "ಮಗನ ಕಂಪ್ಯೂಟರ್" ಎಂದು ಬರೆದು ಕೆಳಗೆ ಲೆಕ್ಕ ಹಾಕತೊಡಗಿದೆ. ನೀರು ಕುಡಿಯಲು ಬಂದ ಮಗಳು ಹಿಂದೆ ನಿಂತು ಓದಿದಳು. ಏನೂ ಹೇಳದೆ ಹೋಗುವವಳಿದ್ದಳು. "ಏನಾಯ್ತು ಬೇಟಾ?" ಎಂದೆ.

"ಏನಿಲ್ಲ ಅಮ್ಮೀ. ನೀವು ಬರೆದಿದ್ದು ಸರಿಯಾಗೇ ಇದೆ. ಅದು ಭಾಯಿದೇ ಅಲ್ವಾ?"

ನಾನು ಅವಳ ಕೈ ಹಿಡಿದು ಕೂರಿಸಿದೆ. ಆಗ ಒಂದೊಂದಾಗಿ ಹೊರಬಂತು. ಟ್ಯಾಲಿ ಕಲಿಯಲು ಅವಳು ಗೆಳತಿಯ ಮನೆಗೆ ಹೋಗುತ್ತಿದ್ದಳು. ಕಾಲೇಜಿನ ಪ್ರಾಜೆಕ್ಟ್ ವರದಿ ಇಪ್ಪತ್ತೆರಡು ಪುಟ, ಪೂರ್ತಿ ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಬರೆದಿದ್ದಳು. ರಾತ್ರಿ ಅವಳ ಕಣ್ಣು ಕೆಂಪಾಗಿದ್ದಾಗ ನಾನು "ಮೊಬೈಲ್ ನೋಡುವುದು ಕಡಿಮೆ ಮಾಡು" ಎಂದು ಬೈದಿದ್ದೆ. ಅದೂ ಅವಳಿಗೆ ನೆನಪಿತ್ತು.

"ನಮ್ಮ ಮನೆಯಲ್ಲೇ ಕಂಪ್ಯೂಟರ್ ಇತ್ತಲ್ಲ?"

"ಭಾಯಿಯ ಕೋಣೆಯಲ್ಲಿ ಇತ್ತು. ಅವನ ಗೆಳೆಯರು ಬಂದು ಕೂತಿದ್ರೆ ನಾನು ಹೇಗೆ ಹೋಗಲಿ? ಒಂದ್ಸಲ ಎದ್ದೇಳು ಅಂದಿದ್ದಕ್ಕೆ ನೀವೇ ಅಂದ್ರಿ, ಅದು ಅವನದು, ಅವನ ಆಟ ಮುಗೀಲಿ ಅಂತ."

ನಾನು ಅಂದಿದ್ದೆನೇ? ಅಂದಿರಬೇಕು. ನೆನಪಿಲ್ಲದಷ್ಟು ಸಹಜವಾಗಿ ಅಂದಿರಬೇಕು. ಆ ಕಂಪ್ಯೂಟರಿಗೆ ಹೋದ ಭಿಶಿ ಹಣ ನಾನು ಹೊಲಿದ ಬಟ್ಟೆಯದು. ಅದರಲ್ಲಿ ಎಷ್ಟೋ ಕುಪ್ಪಸಗಳಿಗೆ ಹುಕ್ಕು, ಕಾಜಾ ಮಾಡಿದವಳು ಇದೇ ಮಗಳು, ಅವಳ ಏಳನೇ ತರಗತಿಯ ರಜೆಯಲ್ಲಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನುಅಮಾನ್ ಬಿನ್ ಬಶೀರ್(ರ)ರ ಬಾಲ್ಯದ ಆ ಪ್ರಸಂಗವನ್ನು ನೀವೂ ಕೇಳಿರುತ್ತೀರಿ. ಅವರ ತಂದೆ ಈ ಮಗನಿಗೆ ಒಂದು ಕೊಡುಗೆ ಕೊಟ್ಟರು. ತಾಯಿ ಅಮ್ರಾ ಬಿಂತ್ ರವಾಹಾ(ರ) ಇದಕ್ಕೆ ಪ್ರವಾದಿ(ಸ)ರು ಸಾಕ್ಷಿಯಾಗಬೇಕೆಂದು ಹಟ ಹಿಡಿದರು. ತಂದೆ ಪ್ರವಾದಿ(ಸ)ರ ಬಳಿ ಹೋದಾಗ, ಎಲ್ಲ ಮಕ್ಕಳಿಗೂ ಇದೇ ರೀತಿ ಕೊಟ್ಟಿರುವೆಯಾ ಎಂದು ಅವರು ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿಯಾಗಲು ಒಪ್ಪಲಿಲ್ಲ. ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂದು ತಿಳಿಹೇಳಿದರು. ತಂದೆ ಆ ಕೊಡುಗೆಯನ್ನು ಹಿಂದಕ್ಕೆ ಪಡೆದರು. ಈ ಪ್ರಸಂಗವನ್ನು ನಾನು ಎಷ್ಟೋ ಸಲ ಕೇಳಿದ್ದೆ. ಪ್ರತಿಸಲವೂ ಅದನ್ನು ಆಸ್ತಿ ಹಂಚುವ ಶ್ರೀಮಂತರ ಮಾತು ಎಂದುಕೊಂಡಿದ್ದೆ. ಅದರಲ್ಲಿ ಒಬ್ಬ ತಾಯಿ ಇದ್ದಾಳೆ, ತನ್ನ ಮಗನಿಗೆ ಸಿಕ್ಕಿದ್ದು ಗಟ್ಟಿಯಾಗಲಿ ಎಂದು ಬಯಸಿದ ತಾಯಿ, ನನ್ನಂಥವಳೇ ಎಂದು ಅಂದೇ ಹೊಳೆಯಿತು.

ಲೆಕ್ಕ ಸರಳವಾಗಿತ್ತು. ಕಂಪ್ಯೂಟರ್ ಮಗನಿಗೆ ಕೊಟ್ಟ ಕೊಡುಗೆಯಾದರೆ ಮಗಳಿಗೂ ಅದಕ್ಕೆ ಸಮನಾದದ್ದು ಕೊಡಬೇಕಿತ್ತು. ಅದು ಮನೆಯ ವಸ್ತುವಾದರೆ ಅವಳೂ ಅದರ ಮುಂದೆ ಕೂರಬೇಕಿತ್ತು. ಎರಡರಲ್ಲಿ ಒಂದಾದರೂ ಆಗಬೇಕಿತ್ತು. ನಾವು ಎರಡನ್ನೂ ಮಾಡಿರಲಿಲ್ಲ.

ಮರುದಿನ ಮಗ್ರಿಬ್ ನಮಾಝಿನ ನಂತರ ನಾಲ್ವರೂ ಕುಳಿತೆವು. ತಪ್ಪು ನನ್ನದು ಎಂದು ಮೊದಲು ನಾನೇ ಹೇಳಿದೆ. ಮಗ ತಲೆ ತಗ್ಗಿಸಿ ಕುಳಿತಿದ್ದ. ಕೊನೆಗೆ, "ಆಪತ್ತೇನಿತ್ತು, ಕೇಳಬೇಕಿತ್ತಲ್ಲ" ಎಂದ ತಂಗಿಗೆ. ಅವಳು "ಕೇಳಿದ್ದೆ" ಎಂದಳು, ಅಷ್ಟೇ. ಆಮೇಲೆ ಅವನು ಮಾತಾಡಲಿಲ್ಲ.

ನಿರ್ಧಾರಗಳು ಹೀಗಾದವು. ಕಂಪ್ಯೂಟರ್ ನಡುಮನೆಗೆ ಬರಬೇಕು. ಸಂಜೆ ನಾಲ್ಕರಿಂದ ಏಳು ಮಗಳದು. ಇಶಾ ನಂತರ ಒಂದೂವರೆ ಗಂಟೆ ಮಗನದು. ಪರೀಕ್ಷೆಯ ದಿನಗಳಲ್ಲಿ ಯಾರ ಪರೀಕ್ಷೆಯೋ ಅವರದು. ಮೊದಲ ಖರ್ಚು ಎಲ್ಲರಿಗೂ ಉಪಯೋಗವಾಗುವ ಎಸ್‌ಎಸ್‌ಡಿ ಮತ್ತು ರ‍್ಯಾಮ್ ಪಟ್ಟಿ, ಎರಡೂ ಸೇರಿ ಸುಮಾರು ನಾಲ್ಕೂವರೆ ಸಾವಿರ. ಪ್ರೊಸೆಸರ್ ಸದ್ಯಕ್ಕೆ ಇಲ್ಲ. ಉಳಿದ ಹಣದಲ್ಲಿ ಮಗಳ ಟ್ಯಾಲಿ ತರಗತಿಯ ಶುಲ್ಕ.

ಇಲ್ಲಿಗೆ ಮುಗಿದಿದ್ದರೆ ಇದು ಮಗನಿಗೆ ಬುದ್ಧಿ ಹೇಳಿದ ಕಥೆಯಾಗುತ್ತಿತ್ತು. ಆದರೆ ಸೆಪ್ಟೆಂಬರಿನಲ್ಲಿ ಪ್ರೊಸೆಸರ್ ಬೇಕೆಂದು ಕೇಳಿದವಳು ಮಗಳು!

ನಮ್ಮದು ವಿಂಡೋಸ್ 10. ಅದಕ್ಕೆ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಮುಂದಿನದು ವಿಂಡೋಸ್ 11. ಅದು ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ರೈಜನ್‌ನ ಮೊದಲ ತಲೆಮಾರು, ಅಂದರೆ ನಮ್ಮ 1600, ಇಲ್ಲ. 2026ರ ಅಕ್ಟೋಬರ್‌ವರೆಗೆ ಹೆಚ್ಚುವರಿ ಭದ್ರತೆ ಪಡೆಯಲು ಕಂಪೆನಿ ಒಂದು ದಾರಿಯನ್ನೂ ಕೊಟ್ಟಿತು. ಬೇಕಿದ್ದರೆ ಒಂದು ವರ್ಷ ತಳ್ಳಬಹುದಿತ್ತು. ಆದರೆ ಮಗಳು ಅಷ್ಟರಲ್ಲಿ ಇಬ್ಬರು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯತೊಡಗಿದ್ದಳು. "ಬೇರೆಯವರ ಲೆಕ್ಕ ನಮ್ಮಲ್ಲಿ ಅಮಾನತ್ ಅಲ್ವಾ ಅಮ್ಮೀ? ಬೀಗ ಇಲ್ಲದ ಪೆಟ್ಟಿಗೆಯಲ್ಲಿ ಇಡೋದು ಹೇಗೆ?" ಎಂದಳು. ತಿಂಗಳಿಗೆ ಬರುವ ತನ್ನ ಹಣದಿಂದ ಮೂರು ಸಾವಿರ ಮುಂದಿಟ್ಟಳು. ಮಗ ಗೆಳೆಯರ ಕಂಪ್ಯೂಟರ್‌ಗಳ ಧೂಳು ತೆಗೆದು ಲೇಪ ಹಚ್ಚಿ ಕೂಡಿಸಿದ್ದ ಎರಡೂವರೆ ಸಾವಿರ ತಂದ. ಉಳಿದದ್ದು ನನ್ನ ಭಿಶಿ.

ಪೂರ್ತಿ ಹೊಸದು ಕೊಳ್ಳುವ ಅಗತ್ಯ ಏಕೆ ಬರಲಿಲ್ಲ ಎಂದರೆ, ನಮ್ಮ ಬಿ350 ಬೋರ್ಡಿನ ಕುಳಿಗೇ 5600 ಕೂರುತ್ತದೆ. ಹಳೆಯ ಬೋರ್ಡುಗಳಿಗೂ ಈ ಅವಕಾಶವನ್ನು ಎಎಂಡಿ ಕಂಪೆನಿ 2022ರಲ್ಲಿ ತೆರೆಯಿತು. ಎರಡಕ್ಕೂ ಆರೇ ಕೋರ್, ಎರಡಕ್ಕೂ 65 ವ್ಯಾಟ್. ಆದ್ದರಿಂದ ಕರೆಂಟು ಪೆಟ್ಟಿಗೆ ಬದಲಿಸಬೇಕಿಲ್ಲ. ಕೋರ್ ಅಷ್ಟೇ ಇದ್ದರೂ ಹೊಸದರ ಒಂದೊಂದು ಕೋರ್ ಮಾಡುವ ಕೆಲಸ ಹೆಚ್ಚು. ಹಳೆಯದರ ಗರಿಷ್ಠ ವೇಗ 3.6 ಗಿಗಾಹರ್ಟ್ಸ್, ಹೊಸದರದು 4.4. ಪ್ರೊಸೆಸರ್ ತನ್ನ ಕೈಗೆಟುಕುವಷ್ಟು ಹತ್ತಿರ ಇಟ್ಟುಕೊಳ್ಳುವ ಎಲ್3 ಕ್ಯಾಶ್ ಎಂಬ ನೆನಪಿನ ಕಪಾಟು 16 ಎಂಬಿಯಿಂದ 32ಕ್ಕೆ ಹಿಗ್ಗಿದೆ.

ಆದರೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರೆ ಸಾಲದು. ಬೋರ್ಡಿಗೆ ಹೊಸ ಅತಿಥಿಯ ಪರಿಚಯ ಮೊದಲೇ ಆಗಬೇಕು. ಅದಕ್ಕೆ ಬಯಾಸ್ ಅಪ್‌ಡೇಟ್ ಎನ್ನುತ್ತಾರೆ. ಅದನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಬೇಕು. ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಆ ಕೆಲವು ನಿಮಿಷ ಕರೆಂಟು ಹೋದರಂತೂ ಬೋರ್ಡೇ ಹೋದೀತು. ನಮ್ಮೂರಿನ ಕರೆಂಟನ್ನು ನಂಬುವುದುಂಟೇ? ಪಕ್ಕದ ಮನೆಯ ಖಾಲಾ ಅವರ ಯುಪಿಎಸ್ ಎರವಲು ತಂದೆವು. ಮಗಳು ಸೂಚನೆಗಳನ್ನು ಒಂದೊಂದಾಗಿ ಓದಿ ಹೇಳಿದಳು, ಮಗ ಮಾಡಿದ. ಯಜಮಾನರು ಟಾರ್ಚ್ ಹಿಡಿದು ನಿಂತರು. ಹೊಸದನ್ನು ಕೂರಿಸಿ ಗುಂಡಿ ಒತ್ತಿದಾಗ ಪರದೆ ಒಂದು ನಿಮಿಷ ಕಪ್ಪಾಗಿಯೇ ಇತ್ತು. ಯಾರೂ ಉಸಿರಾಡಲಿಲ್ಲ. ಆಮೇಲೆ ಬೆಳಕು ಬಂತು. "ಅಲ್‌ಹಮ್ದುಲಿಲ್ಲಾಹ್" ಎಂದು ಮೊದಲು ಉದ್ಗರಿಸಿದವರು ಏಪ್ರಿಲ್‌ನಲ್ಲಿ ಮುಖ ಗಂಟಿಕ್ಕಿದ್ದವರೇ!

ಈಗ ಆಟ ನಿಲ್ಲದೆ ಓಡುತ್ತದೆ ಎಂದು ಮಗ ಹೇಳುತ್ತಾನೆ. ನಡುಮನೆಯಲ್ಲಿ ಆಡುವುದರಿಂದ ಅವನ ಬಾಯಿಯ ಭಾಷೆಯೂ ಸುಧಾರಿಸಿದೆ. ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಏಳು ಗಂಟೆಗೆ ಐದು ನಿಮಿಷ ಹೆಚ್ಚು ಕಡಿಮೆಯಾದರೆ ಅಣ್ಣ ತಂಗಿಯ ಜಗಳ ಇಂದಿಗೂ ನಡೆಯುತ್ತದೆ. ಆದರೆ ಈಗ ಅವಳು ಜಗಳವಾಡುತ್ತಾಳೆ. ಸುಮ್ಮನೆ ಗೆಳತಿಯ ಮನೆಗೆ ಹೋಗಿಬಿಡುವುದಿಲ್ಲ. ಆ ಜಗಳದ ಸದ್ದು ಅಡುಗೆಮನೆಗೆ ಕೇಳಿದಾಗ ನನಗೆ ಸಮಾಧಾನವಾಗುತ್ತದೆ.

ಸಹೋದರಿಯರೇ, ನಿಮ್ಮ ಮಗ ಇಂಥದ್ದೊಂದು ಕೇಳಿದರೆ ಕೂಡಲೇ "ಇಲ್ಲ" ಎನ್ನಬೇಡಿ, ಕೂಡಲೇ ಹಣವನ್ನೂ ತೆಗೆಯಬೇಡಿ. ಧೂಳು ತೆಗೆದಾಗಿದೆಯೇ? ತೊಡಕು ಎಲ್ಲಿದೆ ಎಂದು ಪರೀಕ್ಷಿಸಿದ್ದಾರೆಯೇ? ಹಳೆಯ ಬೋರ್ಡಿಗೆ ಹೊಂದುವಂಥದ್ದು ಸಿಗುತ್ತದೆಯೇ? ಈ ಮೂರನ್ನು ಕೇಳಿ. ನಾಲ್ಕನೆಯದನ್ನು ಮಕ್ಕಳಿಗಲ್ಲ, ನಿಮಗೇ ಕೇಳಿಕೊಳ್ಳಿ: ಈ ಮನೆಯಲ್ಲಿ ಯಾವ ವಸ್ತುವಿಗೆ ಯಾರ ಹೆಸರಿಟ್ಟು ಕರೆಯುತ್ತಿದ್ದೇನೆ? ಮಗನ ಬೈಕು, ಮಗನ ಕೋಣೆ, ಮಗನ ಕಂಪ್ಯೂಟರ್. ಮಗಳ ಹೆಸರಿನ ವಸ್ತು ಯಾವುದಿದೆ?

ನನ್ನ ಭಿಶಿ ಪುಸ್ತಕದ ಆ ಹಾಳೆ ಇನ್ನೂ ಇದೆ. ತಲೆಯಲ್ಲಿ ಬರೆದಿದ್ದ "ಮಗನ" ಎಂಬುದನ್ನು ಹೊಡೆದು ಹಾಕಿ "ಮನೆಯ" ಎಂದು ತಿದ್ದಿದ್ದೇನೆ. ಅಲ್ಲಾಹನು ನಮ್ಮೆಲ್ಲರಿಗೂ ಮಕ್ಕಳ ನಡುವೆ ನ್ಯಾಯ ಪಾಲಿಸುವ ಸೌಭಾಗ್ಯ ನೀಡಲಿ. ಆಮೀನ್.